ಶೆಗಡಿ ಹಳೆಯದು, ಮನೆ ಹೊಸದು

ವಿಜಯಪುರ ಅಂದರೆ ಬರೀ ಬಿಸಿಲು ಅಂದುಕೊಂಡವರು ಪುಷ್ಯ ಮಾಸದಲ್ಲಿ ಒಂದು ರಾತ್ರಿ ನಮ್ಮಲ್ಲಿ ತಂಗಬೇಕು. ಸಮುದ್ರ ದೂರ, ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಹಗಲು ಕಾದ ನೆಲ ಕತ್ತಲಾಗುತ್ತಲೇ ತನ್ನ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ಮಧ್ಯಾಹ್ನ 30 ಡಿಗ್ರಿಯ ಹತ್ತಿರ ಇದ್ದದ್ದು ಬೆಳಗಿನ ಜಾವಕ್ಕೆ 10ರ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ.

ಈ ಭಾಗದ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಊರವರ ಬಾಯಲ್ಲಿ ನರ್ಸಬಾಯಿ. ಚಳಿಗಾಲದ ತಿರುಗಾಟದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಚಳಿಯಲ್ಲ, ಚಳಿಗೆಂದು ಜನ ಮಾಡಿಕೊಳ್ಳುವ ವ್ಯವಸ್ಥೆ.

ಮೊದಲಿನ ಮನೆಗಳಿಗೆ ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ತುಂಬಿದ ಶೆಗಡಿ ಇಟ್ಟು, ಅದರ ಮೇಲೆ ಚಿಟಿಕೆ ಅಜವಾನ ಉದುರಿಸಿದರೆ ಹೊಗೆಯೂ ಗಾಳಿಯೂ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ಈಗ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದಿದೆ. ಕಿಟಕಿಗೆ ಗಾಜು, ಬಾಗಿಲ ಸಂದಿಗೆ ಹಳೇ ಸೀರೆ. ಶೆಗಡಿ ಮಾತ್ರ ಅಜ್ಜಿಯ ಕಾಲದ್ದೇ.

ಅಂಥ ಒಂದು ಮನೆಗೆ ಮುಂಜಾನೆ ಬಾಣಂತಿಯನ್ನು ನೋಡಲು ಹೋದಾಗ ಅತ್ತೆ ಬಾಗಿಲಲ್ಲೇ ತಡೆದರು. “ಬಾಯಾರ, ಒಳಗ ಬಂದು ಲಗೂನ ಬಾಗಲಾ ಹಾಕ್ರಿ, ಕೂಸಿಗೆ ಥಂಡಿ ಬಡೀತದ. ಸೊಸಿಗೆ ರಾತ್ರಿಯಿಂದ ತಲಿ ಸಿಡ್ಯಾಕತ್ತದ, ವಾಂತಿ ಬ್ಯಾರೆ. ದೃಷ್ಟಿ ತಗದೀನಿ.” ಹುಡುಗಿಯ ಹಣೆ ಮುಟ್ಟಿದೆ, ಜ್ವರವಿಲ್ಲ. ಅತ್ತೆಗೂ ತಲೆ ಭಾರ, ಅಂಗಳಕ್ಕೆ ಹೋದರೆ ಹಗುರಾಗುತ್ತದಂತೆ. ಹೊರಸಿನ ಕೆಳಗೆ ಬೂದಿ ಮುಚ್ಚಿದ ಕೆಂಡ ಇನ್ನೂ ಕೆಂಪಗಿತ್ತು. “ದೃಷ್ಟಿ ಅಲ್ಲಬೇ ಆಯಿ, ಇದು ಕೆಂಡದ ಗಾಳಿ. ಮೊದಲ ಕೂಸಿನ್ನ ಎತ್ತಿಕೊಂಡು ಹೊರಗ ನಡೀರಿ” ಎಂದೆ. 108ಕ್ಕೆ ಫೋನ್ ಮಾಡಿ ಮೂವರನ್ನೂ ಆಸ್ಪತ್ರೆಗೆ ಕಳಿಸಿದೆ. ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡರು.

ಇದ್ದಿಲು ಹೊಗೆಯಾಡುವುದಿಲ್ಲವೆಂದು ಜನ ನಂಬುತ್ತಾರೆ. ಅಪಾಯ ಇರುವುದು ಅಲ್ಲೇ. ಸಾಕಷ್ಟು ಗಾಳಿ ಸಿಗದೆ ನಿಗಿನಿಗಿಸುವ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ. ಆಮ್ಲಜನಕ ಬಂದರೂ ಕೂರಲು ಜಾಗವಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ನೋಡಿ ಸಮಾಧಾನ ಪಡಬೇಡಿ. ಈ ಎರಡು ಅನಿಲಗಳ ಭೇದ ಅದಕ್ಕೆ ತಿಳಿಯದು, ಸಾಯುವವರಿಗೂ 98 ತೋರಿಸಬಹುದು. ಬರೀ ಗಾಳಿಯಲ್ಲಿದ್ದರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ತಾಸಿನೊಳಗೆ ಇಳಿಯುತ್ತದೆ. ಆಸ್ಪತ್ರೆಗೆ ಓಡಬೇಕಾದದ್ದು ಅದಕ್ಕೇ. ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಜ್ವರವಿಲ್ಲದೆ ತಲೆನೋವು, ವಾಕರಿಕೆ ಬಂದರೆ ಮೊದಲು ಹೊರಗೆ ಬನ್ನಿ, ವಿಚಾರ ಆಮೇಲೆ.

ಪಟ್ಟಣದವರು ಇದು ಹಳ್ಳಿಯ ಕಥೆ ಎಂದು ಪುಟ ತಿರುವಬೇಡಿ. ನಿಮ್ಮ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದೂ ಶೆಗಡಿಯ ತಮ್ಮನೇ. ಚಿಕ್ಕ ಬಚ್ಚಲಿನ ಬಾಗಿಲು ಕಿಟಕಿ ಮುಚ್ಚಿ ಗೀಸರ್ ಉರಿಸಿದರೆ ಆಮ್ಲಜನಕ ಕಡಿಮೆಯಾಗುತ್ತ, ವಿಷ ಹೆಚ್ಚುತ್ತ ಹೋಗುತ್ತದೆ. ಗೀಸರೂ ಸಿಲಿಂಡರೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಈಗಾಗಲೇ ಒಳಗಿದ್ದರೆ ಹೊರಗೆ ಹಾಕಿಸುವ ತನಕ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆ ಸ್ನಾನ ಮಾಡಿ. ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದ್ದರೆ ರಿಪೇರಿಯವರನ್ನು ಕರೆಸಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕರೆಂಟಿನ ಹೀಟರ್‌ಗೆ ಈ ವಿಷದ ಕಾಟವಿಲ್ಲ, ಲೆಕ್ಕ ಮಾತ್ರ ಬೇಕು. 2000 ವಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನ ತಾಕತ್ತು 6. ಅದಕ್ಕೆ ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿಸಿ ಹೀಟರ್ ಹಚ್ಚಿದರೆ ವೈರ್ ಕಾದು ಹೊತ್ತಿಕೊಳ್ಳಬಹುದು. 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಹಾಸಿಗೆ ಪರದೆ ದೂರ ಇರಬೇಕು. ನೀರು ಕಾಸುವ ರಾಡ್ ಆದರೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ.

ಹಾಗಾದರೆ ಕೂಸನ್ನು ಬೆಚ್ಚಗಿಡುವುದು ಹೇಗೆ? ತಾಯಿಯ ಎದೆಗೆ. ಡಯಾಪರ್ ಮತ್ತು ಟೊಪ್ಪಿಗೆ ಬಿಟ್ಟು ಬಟ್ಟೆ ತೆಗೆದು, ಚರ್ಮಕ್ಕೆ ಚರ್ಮ ತಾಗಿಸಿ, ಮೂಗು ಬಾಯಿ ಮುಚ್ಚದಂತೆ ಮೇಲೆ ಹೊದಿಸಬೇಕು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದ ಆಸ್ಪತ್ರೆಯ ವೈದ್ಯ ಎಡ್ಗರ್ ರೇ ಶುರು ಮಾಡಿದ ಈ ಕ್ರಮವನ್ನು ಕಾಂಗರೂ ಆರೈಕೆ ಅನ್ನುತ್ತಾರೆ. ತೂಕ ಕಡಿಮೆ ಇರುವ ಕೂಸುಗಳಿಗಂತೂ ಇದೇ ಔಷಧ. ಥಂಡಿಯಾಗಿದೆಯೇ ಎಂದು ತಿಳಿಯಲು ಹೊಟ್ಟೆ, ಪಾದ ಎರಡನ್ನೂ ಕೈಯ ಹಿಂಬದಿಯಿಂದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಪಾದ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ.

ಹಿರಿಯರಿಗೆ ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ. ಕಲ್ಲಿನ ನೆಲ ಕೆಳಗಿನಿಂದ ಮೈಬಿಸಿ ಎಳೆಯುತ್ತದೆ. ಕೌದಿಯ ಪದರಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು. ಆದ್ದರಿಂದ ಒಂದು ಕೌದಿ ಕೆಳಗೆ, ಒಂದು ಮೇಲೆ, ಅದರ ಮೇಲೊಂದು ಕಂಬಳಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿನೀರಿನ ಚೀಲ ಬೇಡ, ಸುಟ್ಟದ್ದೂ ಗೊತ್ತಾಗುವುದಿಲ್ಲ. ಕಾಲುಚೀಲ ಸಾಕು.

ಬೆಂಕಿ ಕಾಯಿಸುವುದೇ ತಪ್ಪು ಅನ್ನುತ್ತಿಲ್ಲ. ಅಂಗಳದಲ್ಲಿ ಕಾಯಿಸಿಕೊಳ್ಳಿ, ಮಲಗುವ ಕೋಣೆಗೆ ಮಾತ್ರ ಕೆಂಡ ತರಬೇಡಿ. ಹೊಸ ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣಕ್ಕೆ ಗೌಂಡಿಯ ಜೊತೆ ವಾರಗಟ್ಟಲೆ ಜಗಳವಾಡುತ್ತೀರಿ. ಜೊತೆಗೆ ಇದನ್ನೂ ಹಟ ಹಿಡಿದು ಮಾಡಿಸಿ: ಬಚ್ಚಲಿಗೆ, ಮಲಗುವ ಕೋಣೆಗೆ ಸೂರಿನ ಹತ್ತಿರ ಯಾರೂ ಮುಚ್ಚಲಾಗದ ಒಂದು ಜಾಳಿ. ಅದರಿಂದ ಬರುವ ಚಳಿಗೆ ಇನ್ನೊಂದು ಕೌದಿ ಹೊದ್ದರಾಯಿತು.