ಅನ್ನ ಬಿಟ್ಟು ನವಣೆ ಹಿಡಿದರೂ ಇಳಿಯದ ತೂಕ

ಮೂರು ಜನರ ಬೆಳಗಿನ ತಿಂಡಿಗೆ ನವಣೆ ಉಪ್ಪಿಟ್ಟು. 200 ಗ್ರಾಂ ನವಣೆ ತೊಳೆದು ನೆನೆಹಾಕಿದ್ದಾಗಿದೆ. ಬಾಣಲೆಗೆ ಎಣ್ಣೆ ಬೀಳುತ್ತದೆ. ನವಣೆ ಒಣಒಣವಾಗಿ ಗಂಟಲಿಗೆ ಒತ್ತುತ್ತದೆಂದು ಕೈ ತುಸು ಧಾರಾಳ, ನಾಲ್ಕು ದೊಡ್ಡ ಚಮಚ. ಸಾಸಿವೆ ಸಿಡಿದು, ಕಡಲೆಬೇಳೆ, ಉದ್ದಿನಬೇಳೆ ಕೆಂಪಾದ ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ. ಆಮೇಲೆ ಈರುಳ್ಳಿ, ಬೀನ್ಸ್, ಕ್ಯಾರೆಟ್. ಇಳಿಸುವ ಮುಂಚೆ ಒಂದಿಷ್ಟು ಕಾಯಿತುರಿ, ಕೊತ್ತಂಬರಿ ಸೊಪ್ಪು, ನಿಂಬೆರಸ. ಇದರಲ್ಲಿ ಕೆಟ್ಟದ್ದು ಎನ್ನುವಂಥದ್ದು ಒಂದೂ ಇಲ್ಲ.

ಈಗ ಲೆಕ್ಕ ಹಾಕಿ ನೋಡೋಣ. ನವಣೆಯಿಂದ ಸುಮಾರು 660 ಕ್ಯಾಲೊರಿ. ನಾಲ್ಕು ಚಮಚ ಎಣ್ಣೆಯಿಂದ 480. ಕಡಲೆಕಾಯಿ ಬೀಜ 30 ಗ್ರಾಂ ಎಂದಿಟ್ಟುಕೊಂಡರೆ 160, 40 ಗ್ರಾಂ ಕಾಯಿತುರಿಗೆ 150, ಬೇಳೆ ತರಕಾರಿಗಳಿಗೆ ಒಂದು 100. ಎಲ್ಲ ಸೇರಿ 1550ರ ಆಸುಪಾಸು. ಒಬ್ಬೊಬ್ಬರ ತಟ್ಟೆಗೆ 500ಕ್ಕೂ ಹೆಚ್ಚು. ಇದರಲ್ಲಿ ನವಣೆಯ ಪಾಲು ಅರ್ಧಕ್ಕಿಂತ ಕಡಿಮೆ. ಅದೇ ಬಾಣಲೆಗೆ ನವಣೆಯ ಬದಲು ಅಷ್ಟೇ ತೂಕದ ಅಕ್ಕಿ ಹಾಕಿದ್ದರೆ ಒಟ್ಟು 40 ಕ್ಯಾಲೊರಿ ಹೆಚ್ಚಾಗುತ್ತಿತ್ತು, ಅಂದರೆ ತಲೆಗೆ ಹದಿಮೂರೋ ಹದಿನಾಲ್ಕೋ. ಎಣ್ಣೆಯನ್ನು ನಾಲ್ಕು ಚಮಚದಿಂದ ಎರಡಕ್ಕೆ ಇಳಿಸಿದ್ದರೆ ತಲೆಗೆ 80 ಕಡಿಮೆಯಾಗುತ್ತಿತ್ತು.

‘ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಕರಿದದ್ದು ಮುಟ್ಟೋದೇ ಇಲ್ಲ, ಆದರೂ ಒಂದು ಕೆ.ಜಿ. ಇಳೀತಿಲ್ಲ’ ಎನ್ನುವ ಮಾತು ಈಗ ಮನೆಮನೆಯಲ್ಲೂ ಕೇಳಿಬರುತ್ತದೆ. ಹೇಳುವವರ ದನಿಯಲ್ಲಿ ನಿಜವಾದ ಸಂಕಟ ಇರುತ್ತದೆ. ಎದುರಿಗೆ ಕೂತವರು ಹೆಚ್ಚಿನಂಶ ನಂಬುವುದಿಲ್ಲ. ‘ಕದ್ದು ತಿಂತೀರೇನೋ’ ಎಂದು ನಕ್ಕುಬಿಡುತ್ತಾರೆ. ಆ ನಗು ಅನ್ಯಾಯದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದ ವಯಸ್ಕ ಹೆಣ್ಣುಮಕ್ಕಳಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚು. ಇಷ್ಟು ಜನ ಒಟ್ಟಿಗೆ ನಾಲಿಗೆ ಚಪಲಕ್ಕೆ ಬಿದ್ದಿದ್ದಾರೆ ಎನ್ನುವುದು ಸುಲಭದ ತೀರ್ಪು, ಸರಿಯಾದ ತೀರ್ಪಲ್ಲ. ತೊಡಕಿರುವುದು ಬೇರೆ ಕಡೆ. ಒಂದು ಆಹಾರ ದೇಹಕ್ಕೆ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ, ಅದರಿಂದ ದೇಹಕ್ಕೆ ಎಷ್ಟು ಶಕ್ತಿ ಸೇರುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ಎರಡನೆಯದನ್ನು ಕೇಳುವುದನ್ನೇ ನಾವು ನಿಲ್ಲಿಸಿಬಿಟ್ಟಿದ್ದೇವೆ.

ಸಿರಿಧಾನ್ಯಗಳನ್ನೇ ತೆಗೆದುಕೊಳ್ಳಿ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಲ್ಲವೂ ಬಡಾವಣೆಯ ಕಿರಾಣಿ ಅಂಗಡಿಗೂ ಬಂದಿವೆ. ಬರಲೇಬೇಕಿತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಸಿರಿಧಾನ್ಯದಲ್ಲಿ ನಾರಿನಂಶ ಜಾಸ್ತಿ, ಬೇಗ ಹೊಟ್ಟೆ ತುಂಬಿಸುತ್ತದೆ. ಆದರೆ ಕ್ಯಾಲೊರಿಯ ವಿಷಯಕ್ಕೆ ಬಂದರೆ ಅಕ್ಕಿ, ಗೋಧಿ, ರಾಗಿ, ನವಣೆ, ಸಾಮೆ ಎಲ್ಲವೂ ನೂರು ಗ್ರಾಂಗೆ 320ರಿಂದ 360ರ ಒಳಗೇ ಬರುತ್ತವೆ. ನೂರು ಗ್ರಾಂ ಹಿಟ್ಟಿನ ಮುದ್ದೆ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವರಿಗೆ ಸರಿಯಾದ ಊಟ. ಎಂಟು ಗಂಟೆ ಕುರ್ಚಿಯಲ್ಲಿ ಕೂತು ಬರುವವರಿಗೆ ಅದರ ಅರ್ಧ ಸಾಕು.

ಬೆಲ್ಲ, ಜೇನುತುಪ್ಪದ ಕಥೆಯೂ ಹೀಗೆಯೇ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಉಳಿದಿರುತ್ತದೆ ನಿಜ, ಆದರೆ ಶಕ್ತಿಯ ಲೆಕ್ಕದಲ್ಲಿ ಸಕ್ಕರೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಜೇನು ಸಕ್ಕರೆಗಿಂತ ಭಾರ, ಹಾಗಾಗಿ ಚಮಚಕ್ಕೆ ಚಮಚ ಹಿಡಿದರೆ ಜೇನಿನದೇ ಒಂದು ಕೈ ಮೇಲು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರು, ನಿಂಬೆರಸ, ಜೇನು ಕುಡಿದರೆ ಕೊಬ್ಬು ಕರಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅದರಲ್ಲಿ ಉಪಯೋಗಕ್ಕೆ ಬರುವುದು ನೀರು. ಹಣ್ಣಿನ ರಸವೂ ಅಷ್ಟೆ. ಒಂದು ಲೋಟಕ್ಕೆ ಮೂರು ನಾಲ್ಕು ಮೋಸಂಬಿ ಹಿಂಡುತ್ತಾರೆ. ಕೂತು ಸುಲಿದು ತಿಂದರೆ ಎರಡನೆಯದಕ್ಕೇ ಸಾಕೆನಿಸುತ್ತದೆ, ರಸವಾದರೆ ಒಂದೇ ಗುಟುಕಿಗೆ ಒಳಗೆ ಹೋಗುತ್ತದೆ, ನಾರು ಜ್ಯೂಸ್ ಅಂಗಡಿಯ ಬುಟ್ಟಿಯಲ್ಲೇ ಉಳಿಯುತ್ತದೆ.

ಬಾದಾಮಿಯ ಬಗ್ಗೆ ಮಾತ್ರ ಒಂದು ಸಮಾಧಾನದ ಮಾತಿದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 28 ಗ್ರಾಂ ಇಡೀ ಬಾದಾಮಿಯಿಂದ ದೇಹಕ್ಕೆ ದಕ್ಕುವುದು 129 ಕ್ಯಾಲೊರಿ. ಪೊಟ್ಟಣದ ಮೇಲೆ ಬರೆಯುವುದು 170ರ ಹತ್ತಿರ. ಅಗಿದರೂ ಒಡೆಯದ ಕಣಗಳೊಳಗೆ ಸ್ವಲ್ಪ ಕೊಬ್ಬು ಹಾಗೆಯೇ ಉಳಿದು ಹೊರಗೆ ಹೋಗುತ್ತದೆ. ಆದ್ದರಿಂದ ದಿನಕ್ಕೊಂದು ಹಿಡಿ ಬೀಜ ತಿನ್ನಲು ಹೆದರಬೇಕಿಲ್ಲ. ಹೆದರಬೇಕಾದದ್ದು ಟಿ.ವಿ. ಮುಂದೆ ಮಡಿಲಲ್ಲಿಟ್ಟುಕೊಂಡ ಡಬ್ಬಿಗೆ. ಖರ್ಜೂರ, ಗೋಡಂಬಿ, ತುಪ್ಪ ಸೇರಿಸಿ ಕಟ್ಟಿದ, ಸಕ್ಕರೆ ಹಾಕಿಲ್ಲವೆಂದು ಎರಡು ಹೆಚ್ಚಿಗೆ ತಿನ್ನಿಸುವ ಡ್ರೈಫ್ರೂಟ್ ಉಂಡೆಗೆ.

ಎಣ್ಣೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಅಡುಗೆಮನೆಗಳಲ್ಲಿ ಅಳತೆಯೇ ಇಲ್ಲದೆ ಬೀಳುವ ವಸ್ತು ಅದೊಂದೇ. ಅಕ್ಕಿಗೆ ಪಾವು ಇದೆ, ಉಪ್ಪಿಗೆ ಚಮಚ ಇದೆ, ಎಣ್ಣೆಗೆ ಮಾತ್ರ ಕೈಅಂದಾಜು. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿಗೆ 4 ಕ್ಯಾಲೊರಿಯಾದರೆ ಒಂದು ಗ್ರಾಂ ಕೊಬ್ಬಿಗೆ 9. ಗಾಣದ್ದಾಗಲಿ, ಆಲಿವ್ ಆಗಲಿ, ಮನೆಯಲ್ಲೇ ಕಾಸಿದ ತುಪ್ಪವಾಗಲಿ ಈ ಒಂಬತ್ತು ಹೆಚ್ಚುಕಡಿಮೆ ಒಂದೇ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಡಬ್ಬಿ ಖಾಲಿಯಾಗುತ್ತಿದ್ದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ ಎಣ್ಣೆ, ಸುಮಾರು 340 ಕ್ಯಾಲೊರಿ. ತುಪ್ಪ, ಕಾಯಿ, ಹೊರಗಿನ ತಿಂಡಿ ಇದರಲ್ಲಿ ಸೇರಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಹೇಳಿರುವುದು 27 ಗ್ರಾಂ. ತೂಕ ಇಳಿಸಬೇಕೆನ್ನುವವರಿಗೆ ನನ್ನ ಮೊದಲ ಸಲಹೆ ಯಾವ ಡಯಟ್ ಚಾರ್ಟೂ ಅಲ್ಲ. ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಕು ಬರೆದು, ಎಷ್ಟು ದಿನ ಬಂತೆಂದು ನೋಡಿ.

‘ಆರೋಗ್ಯಕರ’ ಎಂಬ ಹಣೆಪಟ್ಟಿ ನಮ್ಮ ಅಂದಾಜನ್ನೇ ತಪ್ಪಿಸುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಚೆರ್ನೆವ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಬರ್ಗರಿನಂಥ ತಿನಿಸು ತೋರಿಸಿ ಕ್ಯಾಲೊರಿ ಊಹಿಸಲು ಹೇಳಲಾಯಿತು. ಪಕ್ಕದಲ್ಲಿ ಒಂದಿಷ್ಟು ಸೊಪ್ಪು ತರಕಾರಿ ಇಟ್ಟಾಗ ಜನ ಒಟ್ಟು ಕ್ಯಾಲೊರಿ ಕಡಿಮೆಯಾಯಿತೆಂದು ಊಹಿಸಿದರು. ತೂಕದ ಚಿಂತೆ ಹೆಚ್ಚಿದ್ದವರಲ್ಲೇ ಈ ತಪ್ಪು ಹೆಚ್ಚು.

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು, ಇದಕ್ಕಿಂತ ಮುಖ್ಯವಾದದ್ದು. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಮಂದಿಯನ್ನು ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿದರು. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದರ ವರದಿ ಬಂತು. ಅವರ ದೇಹ ಶಕ್ತಿ ಖರ್ಚು ಮಾಡುವುದರಲ್ಲಿ ಯಾವ ದೋಷವೂ ಕಾಣಲಿಲ್ಲ. ತಿಂದದ್ದನ್ನು ಮಾತ್ರ ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ಓಡಾಟವನ್ನು ಶೇ 51ರಷ್ಟು ಹೆಚ್ಚು ಬರೆದಿದ್ದರು. ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳನ್ನೇ ನೋಡಿ. ಸಾರಿನ ಉಪ್ಪು ನೋಡಲು ಒಂದು ಸೌಟು, ಮಗು ಬಿಟ್ಟ ಅರ್ಧ ಚಪಾತಿ, ಎಸೆಯಲು ಮನಸ್ಸಾಗದೆ ಬಾಯಿಗೆ ಹಾಕಿಕೊಂಡ ರಾತ್ರಿಯ ಚಿತ್ರಾನ್ನ, ಅರಿಶಿನ ಕುಂಕುಮಕ್ಕೆ ಹೋದಲ್ಲಿ ಬೇಡವೆನ್ನಲಾಗದ ಸಜ್ಜಿಗೆ. ಇವು ಯಾವುವೂ ‘ಊಟ’ವೆಂದು ನೆನಪಿನಲ್ಲಿ ಉಳಿಯುವುದಿಲ್ಲ. ತಟ್ಟೆ ಹಾಕಿಕೊಂಡು ಕೂತು ತಿಂದದ್ದಷ್ಟೇ ನೆನಪು. ಎಲ್ಲರಿಗೂ ಬಡಿಸಿ, ಕೊನೆಗೆ ನಿಂತುಕೊಂಡೇ ಉಳಿದದ್ದನ್ನು ಮುಗಿಸುವವಳಿಗೆ ‘ನೀನು ಜಾಸ್ತಿ ತಿಂತೀಯ’ ಎಂದು ಹೇಳುವ ಮೊದಲು, ಅವಳಿಗೂ ಕೂತು ಊಟ ಮಾಡಲು ಹೊತ್ತು ಸಿಗುತ್ತಿದೆಯೇ ಎಂದು ಮನೆಯವರು ಕೇಳಿಕೊಳ್ಳಬೇಕು.

ವಾಕಿಂಗ್ ಮೇಲೂ ನಾವು ಅತಿಯಾದ ಭಾರ ಹೊರಿಸಿದ್ದೇವೆ. 60–65 ಕೆ.ಜಿ. ತೂಕದವರು ಲಾಲ್‌ಬಾಗಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೋ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ದಾರಿಯಲ್ಲಿ ಒಂದು ದೋಸೆ, ಒಂದು ಕಾಫಿ ಆದರೆ ಅದಕ್ಕಿಂತ ಹೆಚ್ಚೇ ವಾಪಸ್ ಬಂದಿರುತ್ತದೆ. ನಡಿಗೆ ಹೃದಯಕ್ಕೆ, ನಿದ್ದೆಗೆ, ಸಕ್ಕರೆ ಕಾಯಿಲೆಯ ಹತೋಟಿಗೆ ಬೇಕೇ ಬೇಕು. ಅದೊಂದೇ ತೂಕ ಇಳಿಸುತ್ತದೆಂದು ಕಾಯುವುದು ಬೇಡ.

ಇಷ್ಟೆಲ್ಲ ಸರಿಮಾಡಿಕೊಂಡರೂ ಒಂದು ಹಂತಕ್ಕೆ ಬಂದು ತೂಕ ನಿಂತುಬಿಡುತ್ತದೆ. 75 ಕೆ.ಜಿ.ಯ ದೇಹಕ್ಕೆ ಬೇಕಾದಷ್ಟು ಶಕ್ತಿ 68 ಕೆ.ಜಿ.ಯ ದೇಹಕ್ಕೆ ಬೇಡ. ಮೊದಲು ಇಳಿಸಿದ ಊಟವೇ ಈಗ ಸಮತೂಕದ ಊಟವಾಗುತ್ತದೆ. ಅದರ ಮೇಲೆ ದೇಹ ತನ್ನ ಖರ್ಚನ್ನೂ ಬಿಗಿಹಿಡಿಯುತ್ತದೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಟಿ.ವಿ. ಸ್ಪರ್ಧೆಯ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುತ್ತಿದ್ದ ಶಕ್ತಿ ನಿರೀಕ್ಷೆಗಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ಇತ್ತು. 2016ರಲ್ಲಿ ಬಂದ ಈ ವರದಿ ಓದಿದ ಮೇಲೆ, ತಿಂಗಳಿಗೆ ಹತ್ತು ಕೆ.ಜಿ. ಇಳಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಲು ಯಾರಿಗೂ ಧೈರ್ಯ ಬರಲಾರದು.

ಹಾಗಾದರೆ ಎಲ್ಲವೂ ಕ್ಯಾಲೊರಿಯೇ, ಬಿಸ್ಕತ್ತು ತಿಂದರೇನು ಸೊಪ್ಪಿನ ಸಾರು ಉಂಡರೇನು ಎಂದರೆ ಅದೂ ತಪ್ಪು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯ ಎರಡರಲ್ಲೂ ಇತ್ತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ತಮಗೇ ಗೊತ್ತಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಒಂದು ಕೆ.ಜಿ.ಗೆ ಹತ್ತಿರ ಏರಿದರು, ಇನ್ನೆರಡು ವಾರದಲ್ಲಿ ಅಷ್ಟೇ ಇಳಿದರು. ಒಳ್ಳೆಯ ಆಹಾರ ಕಡಿಮೆ ತಿನ್ನುವುದನ್ನು ಸುಲಭ ಮಾಡುತ್ತದೆ. ಕಡಿಮೆ ತಿನ್ನುವುದಂತೂ ಉಳಿದೇ ಇರುತ್ತದೆ.

ನಮ್ಮ ತಟ್ಟೆಯಲ್ಲಿ ಅದು ಆಗಬೇಕಾದ ಜಾಗ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2025ರಲ್ಲಿ ಹೇಳಿದಂತೆ ನಾವು ತಿನ್ನುವ ಕ್ಯಾಲೊರಿಗಳಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಅಕ್ಕಿ ತೆಗೆದು ಅಷ್ಟೇ ಗಾತ್ರದ ಸಿರಿಧಾನ್ಯ ಇಟ್ಟರೆ ಈ ಅನುಪಾತ ಬದಲಾಗುವುದಿಲ್ಲ. ಧಾನ್ಯ ಯಾವುದೇ ಇರಲಿ, ಅದು ಅರ್ಧವಾಗಿ, ಆ ಜಾಗಕ್ಕೆ ಹೆಸರುಕಾಳು, ಹುರುಳಿ, ಅಲಸಂದೆ, ಮೊಟ್ಟೆ, ಮೀನು, ಮೊಸರು ಬರಬೇಕು. ಪಲ್ಯ ನಂಜಿಕೊಳ್ಳುವಷ್ಟಲ್ಲ, ಒಂದು ಬಟ್ಟಲು ತುಂಬ ಬೇಕು. ನಮ್ಮ ಉಪ್ಸಾರು, ಬಸ್ಸಾರು, ಕೋಸಂಬರಿಗಳಲ್ಲಿ ಈ ದಾರಿ ಮೊದಲಿನಿಂದಲೂ ಇದೆ. ಹೊಸದಾಗಿ ಕಿನೋವಾ ಕೊಳ್ಳಬೇಕಾಗಿಲ್ಲ.

ತೂಕ ಇಳಿಯದಿರಲು ತಟ್ಟೆಯ ಆಚೆಗಿನ ಕಾರಣಗಳೂ ಇವೆ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ. ಕೆಲವು ಔಷಧಗಳು, ಮುಖ್ಯವಾಗಿ ಸ್ಟೆರಾಯ್ಡ್, ಇನ್ಸುಲಿನ್, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ. ಥೈರಾಯ್ಡ್ ಕೊರತೆ, ಪಿಸಿಓಎಸ್ ಇದ್ದವರಿಗೆ ಇಳಿಸುವುದು ಇನ್ನೂ ಕಷ್ಟ. ಇದಕ್ಕೆ ವೈದ್ಯರೇ ಬೇಕು, ತಾವಾಗಿ ಮಾತ್ರೆ ನಿಲ್ಲಿಸುವಂತಿಲ್ಲ.

ಕೊನೆಯದಾಗಿ, ಅಳೆಯುತ್ತಿರುವುದು ಸರಿಯಾದುದನ್ನೇ ಎಂದು ನೋಡಿಕೊಳ್ಳಬೇಕು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಸಣ್ಣಗೆ ಕಾಣುವ ಭಾರತೀಯರ ಹೊಟ್ಟೆಯೊಳಗೂ ಕೊಬ್ಬು ಅಡಗಿರುತ್ತದೆ, ಅದನ್ನು ತೂಕದ ಯಂತ್ರ ತೋರಿಸುವುದಿಲ್ಲ. ದರ್ಜಿಯ ಟೇಪು ತೋರಿಸುತ್ತದೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಬಾರದು.

ಊಟ ಸುಧಾರಿಸಿಕೊಂಡ ಅನೇಕರಿಗೆ ತೂಕ ಅಲ್ಲಾಡುವ ಮುಂಚೆಯೇ ಮಲಬದ್ಧತೆ ಹೋಗಿರುತ್ತದೆ, ರಕ್ತದೊತ್ತಡ ಹತೋಟಿಗೆ ಬಂದಿರುತ್ತದೆ, ಸೊಂಟ ಒಂದೆರಡು ಸೆಂಟಿಮೀಟರ್ ಕರಗಿರುತ್ತದೆ. ಹಾಗಾಗಿ ತೂಕ ಇಳಿಯಲಿಲ್ಲವೆಂದು ಬೇಸತ್ತು ಹಳೆಯ ಊಟಕ್ಕೆ ಮರಳಬೇಡಿ. ಮೂರು ತಿಂಗಳು ತಟ್ಟೆಯನ್ನೂ ಎಣ್ಣೆಯನ್ನೂ ಅಳೆದು ನೋಡಿ. ಆಗಲೂ ಸೊಂಟ, ತೂಕ ಎರಡೂ ಇದ್ದಲ್ಲೇ ಇದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳದೆ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಜೊತೆಗಿಟ್ಟುಕೊಂಡು ವೈದ್ಯರನ್ನು ಕಾಣಿ.