ಚೀನಾದ ಇಂಗ್ಲಿಷ್ ಶಾಲೆಗಳು: ವಿದೇಶಿ ಶಿಕ್ಷಕನ ದುಡಿಮೆ, ಮುಂಗಡ ಶುಲ್ಕದ ಋಣ

ಚೀನಾ ಎಂದೊಡನೆ ನಮ್ಮ ವ್ಯಾಪಾರಿ ಬಾಂಧವರಿಗೆ ನೆನಪಾಗುವುದು ಅಲ್ಲಿಂದ ಬಂದಿಳಿಯುವ ಸರಕು: ಕಚ್ಚಾ ರೇಷ್ಮೆ, ಆಟಿಕೆ, ವಿದ್ಯುತ್ ಉಪಕರಣ, ಔಷಧಗಳ ಮೂಲವಸ್ತು. ಆ ದೇಶ ಹೊರಗಿನಿಂದ ತರಿಸಿಕೊಂಡ ಸೇವೆಗಳ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ಅಂತಹ ಸೇವೆಗಳಲ್ಲಿ ಇಂಗ್ಲಿಷ್ ಪಾಠವೂ ಒಂದು. 1990ರ ದಶಕದಿಂದ ಮೊದಲ್ಗೊಂಡು ಅಮೆರಿಕ, ಬ್ರಿಟನ್, ಕೆನಡ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮುಂತಾದ ದೇಶಗಳ ಯುವಕ ಯುವತಿಯರು ಚೀನಾದ ಖಾಸಗಿ ಭಾಷಾ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ದುಡಿದರು. 2021ರಲ್ಲಿ ಆ ಉದ್ಯಮದ ಬಹುಭಾಗ ಕೆಲವೇ ತಿಂಗಳುಗಳಲ್ಲಿ ಕುಸಿಯಿತು. ಕುಸಿತಕ್ಕೆ ಸರ್ಕಾರದ ಆಜ್ಞೆ ಕಾರಣವೆಂಬುದು ಸಾಮಾನ್ಯ ಅಭಿಪ್ರಾಯ. ಅದು ಸತ್ಯವೇ ಆದರೂ ಪೂರ್ಣ ಸತ್ಯವಲ್ಲ. ಒಂದೇ ಬಿರುಗಾಳಿಗೆ ಕೆಲವು ಸಂಸ್ಥೆಗಳು ಬಿದ್ದುಹೋದವು, ಒಂದು ದೊಡ್ಡ ಸಂಸ್ಥೆ ಎಲ್ಲರ ಬಾಕಿ ತೀರಿಸಿ ನಿಂತಿತು. ಈ ವ್ಯತ್ಯಾಸದ ಮೂಲವನ್ನು ಅರಿಯುವುದು ಶಿಕ್ಷಣ ಸೇವೆಯಲ್ಲಿ ಬಂಡವಾಳ ಹೂಡಿರುವ ನಮ್ಮ ಸದಸ್ಯರಿಗೂ, ಉದ್ಯೋಗಕ್ಕಾಗಿ ಹೊರದೇಶದತ್ತ ನೋಡುತ್ತಿರುವ ಯುವಜನರಿಗೂ ಉಪಯುಕ್ತ.

ಬೇಡಿಕೆ ಬೆಳೆದ ಬಗೆ

1978ರ ಆರ್ಥಿಕ ಸುಧಾರಣೆಗಳ ತರುವಾಯ ಚೀನಾದಲ್ಲಿ ಇಂಗ್ಲಿಷ್ ಕಲಿಕೆಗೆ ಮಹತ್ವ ಬಂದಿತು. ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಅದು ಪ್ರಮುಖ ವಿಷಯವಾಯಿತು. 2001ನೆಯ ಇಸವಿ ಈ ಬೆಳವಣಿಗೆಯ ತಿರುವು. ಆ ವರ್ಷದ ಜುಲೈನಲ್ಲಿ 2008ರ ಒಲಿಂಪಿಕ್ಸ್ ಕ್ರೀಡಾಕೂಟ ಬೀಜಿಂಗ್ ನಗರದ ಪಾಲಾಯಿತು. ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯತ್ವ ಪಡೆಯಿತು. ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಬೋಧಿಸುವ ನೀತಿ ಪ್ರಕಟವಾದದ್ದೂ ಅದೇ ವರ್ಷ.

ಶಾಲೆಗಳಲ್ಲಿ ವ್ಯಾಕರಣವನ್ನೂ ಪದಪಟ್ಟಿಗಳನ್ನೂ ಕಂಠಪಾಠ ಮಾಡಿಸುತ್ತಿದ್ದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೂ ನಾಲ್ಕು ಮಾತು ಆಡಲು ಬಾರದು. ಇದನ್ನು ಚೀನೀಯರೇ ‘ಮೂಗರ ಇಂಗ್ಲಿಷ್’ ಎಂದು ಕರೆದರು. ಈ ಕೊರತೆಯೇ ಖಾಸಗಿ ಶಾಲೆಗಳ ಮಾರುಕಟ್ಟೆಯಾಯಿತು. ವಯಸ್ಕರಿಗಾಗಿ ವಾಲ್ ಸ್ಟ್ರೀಟ್ ಇಂಗ್ಲಿಷ್ 2000ದಲ್ಲಿ ಚೀನಾ ಪ್ರವೇಶಿಸಿತು. ಮಕ್ಕಳಿಗಾಗಿ ಡಿಸ್ನಿ ಸಂಸ್ಥೆ ಸಹ 2008ರಲ್ಲಿ ಶಾಂಘೈನಲ್ಲಿ ಇಂಗ್ಲಿಷ್ ಶಾಲೆ ತೆರೆಯಿತು. 2013ರಲ್ಲಿ ಸ್ಥಾಪನೆಯಾದ ವಿಐಪಿಕಿಡ್ ಎಂಬ ಸಂಸ್ಥೆ ಅಮೆರಿಕ ಮತ್ತು ಕೆನಡದಲ್ಲಿ ತಮ್ಮ ಮನೆಯಲ್ಲೇ ಕುಳಿತ ಶಿಕ್ಷಕರನ್ನು ಅಂತರಜಾಲದ ಮೂಲಕ ಚೀನಾದ ಮಕ್ಕಳ ಮುಂದೆ ತಂದಿತು.

ಶಿಕ್ಷಕನ ದುಡಿಮೆ

ಈ ಶಾಲೆಗಳ ದಿನಚರಿ ನಮ್ಮ ಮನೆಪಾಠ ಕೇಂದ್ರಗಳನ್ನೇ ಹೋಲುತ್ತದೆ. ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ, ದೊಡ್ಡವರು ಕಚೇರಿ ಬಿಟ್ಟು ಬರುವ ಹೊತ್ತಿಗೆ ಪಾಠ ಆರಂಭ. ಶನಿವಾರ, ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದ ತರಗತಿಗಳು. ಆದ್ದರಿಂದ ಶಿಕ್ಷಕನ ವಾರದ ರಜೆ ಸೋಮವಾರ, ಮಂಗಳವಾರಗಳಲ್ಲಿ ಬರುತ್ತಿತ್ತು. ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಗಂಟೆಗಳ ಬೋಧನೆ, ಅದರ ಜೊತೆಗೆ ಸಿದ್ಧತೆ ಮತ್ತು ಕಚೇರಿಯ ಹಾಜರಿ. ಚಿಕ್ಕ ಮಕ್ಕಳ ತರಗತಿಯಲ್ಲಿ ಪಕ್ಕದಲ್ಲೊಬ್ಬ ಚೀನೀ ಸಹಾಯಕಿ ಇರುವುದು ವಾಡಿಕೆ. ಮಕ್ಕಳನ್ನು ಹತೋಟಿಯಲ್ಲಿಡುವುದು, ಪೋಷಕರಿಗೆ ಮಗುವಿನ ಪ್ರಗತಿ ತಿಳಿಸುವುದು, ಮನೆಗೆಲಸ ತಿದ್ದುವುದು ಆಕೆಯ ಪಾಲು. ದುಡಿಮೆ ಹೆಚ್ಚು, ವೇತನ ಮಾತ್ರ ವಿದೇಶಿ ಸಹೋದ್ಯೋಗಿಯದಕ್ಕಿಂತ ಬಹಳ ಕಡಿಮೆ.

ವಿದೇಶಿ ಶಿಕ್ಷಕನಿಗೆ ವೇತನದ ಜೊತೆಗೆ ವಸತಿ ಅಥವಾ ವಸತಿ ಭತ್ಯೆ, ಕರಾರು ಮುಗಿದಾಗ ವಿಮಾನದ ವೆಚ್ಚ ದೊರೆಯುವುದುಂಟು. ತನ್ನ ದೇಶದಲ್ಲಿ ಪದವಿ ಮುಗಿಸಿ, ಶಿಕ್ಷಣ ಸಾಲ ಹೊತ್ತು ಕೆಲಸ ಹುಡುಕುತ್ತಿದ್ದ ತರುಣನಿಗೆ ಇದು ಸಣ್ಣ ಸಂಗತಿಯಲ್ಲ. ಶ್ರದ್ಧೆಯಿಂದ ಕಲಿಸಿದವರು, ಚೀನೀ ಭಾಷೆ ಕಲಿತು ಅಲ್ಲಿಯೇ ನೆಲೆಸಿದವರು ಅನೇಕರಿದ್ದಾರೆ.

ಆದರೆ ವ್ಯಾಪಾರದ ದೃಷ್ಟಿಯಿಂದ ಆತನ ಮುಖ್ಯ ಕಾರ್ಯ ಬೇರೆಯೇ ಇತ್ತು. ಸೇರಲು ಬರುವ ಪೋಷಕರ ಮುಂದೆ ಉಚಿತ ಮಾದರಿ ಪಾಠ ನಡೆಸುವುದು ಎಲ್ಲ ಶಾಲೆಗಳಲ್ಲಿಯೂ ರೂಢಿ. ಹಾಡು, ಆಟ, ನಗುವಿನಿಂದ ತುಂಬಿದ ಅರ್ಧ ಗಂಟೆ. ಪಾಠ ಮುಗಿದೊಡನೆ ‘ಪಠ್ಯ ಸಲಹೆಗಾರ’ ಎಂಬ ಹೆಸರಿನ ಮಾರಾಟ ಸಿಬ್ಬಂದಿ ಪೋಷಕರನ್ನು ಪಕ್ಕದ ಕೋಣೆಗೆ ಕರೆದೊಯ್ದು ಒಂದು, ಎರಡು ವರ್ಷಗಳ ಶುಲ್ಕಕ್ಕೆ ಸಹಿ ಪಡೆಯುತ್ತಿದ್ದರು. ಅವರ ಆದಾಯ ನಿಂತಿದ್ದದ್ದು ಆ ಸಹಿಯ ಮೇಲೆ. ಅನೇಕ ಪೋಷಕರ ಕಣ್ಣಿನಲ್ಲಿ ಬಿಳಿಯ ಮುಖವೇ ಒಳ್ಳೆಯ ಇಂಗ್ಲಿಷಿನ ಮುದ್ರೆ. ಅರ್ಹತೆಯಿಲ್ಲದ ಬಿಳಿಯನಿಗೆ ಕೆಲಸ ದೊರೆತು, ಇಂಗ್ಲಿಷ್ ಮನೆಮಾತಾಗಿದ್ದ ಕಪ್ಪು ವರ್ಣೀಯ ಶಿಕ್ಷಕನಿಗೆ ಬಾಗಿಲು ಮುಚ್ಚಿದ ಪ್ರಸಂಗಗಳು ಈ ಉದ್ಯಮದ ಕಪ್ಪುಚುಕ್ಕೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ನಮ್ಮ ಗಾದೆ ಪೋಷಕರಿಗೆ ಅರಿವಾದದ್ದು ತಡವಾಗಿ.

ಮುಂಗಡದ ಲೆಕ್ಕ

ಈ ವ್ಯಾಪಾರದ ಹೃದಯವಿದ್ದದ್ದು ಮುಂಗಡ ಶುಲ್ಕದಲ್ಲಿ. ಉದಾಹರಣೆಗೆ, ಒಂದು ಶಾಖೆಯಲ್ಲಿ ನೂರು ವಿದ್ಯಾರ್ಥಿಗಳು ತಲಾ 20,000 ಯುವಾನ್ ವಾರ್ಷಿಕ ಶುಲ್ಕ ಕಟ್ಟಿದರೆಂದು ಇಟ್ಟುಕೊಳ್ಳೋಣ. ವರ್ಷದ ಮೊದಲ ದಿನವೇ 20 ಲಕ್ಷ ಯುವಾನ್ ಕೈಸೇರಿತು. ಬಾಡಿಗೆ, ವೇತನ ಸೇರಿ ತಿಂಗಳಿಗೆ ಒಂದೂವರೆ ಲಕ್ಷ ವೆಚ್ಚವಾದರೆ ವರ್ಷಕ್ಕೆ 18 ಲಕ್ಷ. ಉಳಿಯುವ ನಿಜವಾದ ಲಾಭ 2 ಲಕ್ಷ ಮಾತ್ರ. ಆದರೆ ಖಾತೆಯಲ್ಲಿ 20 ಲಕ್ಷ ಕಾಣುತ್ತಿರುವಾಗ ಮಾಲೀಕನಿಗೆ ಎರಡನೆಯ ಶಾಖೆಯ ಆಸೆ ಹುಟ್ಟುತ್ತದೆ. ಅದಕ್ಕೆ 15 ಲಕ್ಷ ಸುರಿದರೆ, ನಾಲ್ಕನೆಯ ತಿಂಗಳಿಂದ ಮೊದಲ ಶಾಖೆಯ ವೇತನವನ್ನು ಎರಡನೆಯ ಶಾಖೆಯ ಹೊಸ ಶುಲ್ಕದಿಂದ ಕೊಡಬೇಕಾಗುತ್ತದೆ. ಎರಡನೆಯದರ ವೇತನಕ್ಕೆ ಮೂರನೆಯ ಶಾಖೆ ಬೇಕು. ಹೊಸ ಪ್ರವೇಶಗಳು ನಿಂತ ದಿನ ಗಾಡಿಯೂ ನಿಲ್ಲುತ್ತದೆ.

ನುರಿತ ಲೆಕ್ಕಿಗರು ಬಲ್ಲಂತೆ, ನಡೆಸದ ಪಾಠದ ಶುಲ್ಕ ಆದಾಯವಲ್ಲ. ಅಢಾವೆ ಪತ್ರಿಕೆಯಲ್ಲಿ ಅದರ ಸ್ಥಾನ ಹೊಣೆಗಳ ಪಟ್ಟಿಯಲ್ಲಿ. 2018ರ ಆಗಸ್ಟ್‌ನಲ್ಲಿ ಚೀನಾ ಸರ್ಕಾರ ಮಕ್ಕಳ ಶಾಲೇತರ ತರಬೇತಿ ಕೇಂದ್ರಗಳು ಒಮ್ಮೆಗೆ ಮೂರು ತಿಂಗಳಿಗಿಂತ ಹೆಚ್ಚಿನ ಅವಧಿಯ ಶುಲ್ಕ ಪಡೆಯಬಾರದೆಂದು ವಿಧಿಸಿತು. ರೋಗ ಅದಾಗಲೇ ಆಳಕ್ಕಿಳಿದಿತ್ತು. 2019ರ ಅಕ್ಟೋಬರ್‌ನಲ್ಲಿ ವೆಬ್ ಇಂಟರ್‌ನ್ಯಾಷನಲ್ ಇಂಗ್ಲಿಷ್ ಶಾಲೆಗಳು ಬಾಗಿಲು ಹಾಕಿದಾಗ ಸಾಲ ಮಾಡಿ ಶುಲ್ಕ ಕಟ್ಟಿದ್ದ ವಿದ್ಯಾರ್ಥಿಗಳು ಬಾರದ ಪಾಠಕ್ಕೆ ಕಂತು ಕಟ್ಟುವ ಸ್ಥಿತಿಗೆ ಬಂದರು.

ಪರವಾನಗಿಯ ಕಟ್ಟು

ಇಂತಹ ಸಂದರ್ಭದಲ್ಲಿ ಸ್ಥಳೀಯ ನೌಕರ ಬೇರೆ ಕೆಲಸ ಹುಡುಕಿಕೊಳ್ಳಬಹುದು. ವಿದೇಶಿ ಶಿಕ್ಷಕನ ಪಾಡು ಹಾಗಲ್ಲ. ಕೆಲಸಕ್ಕಾಗಿ ಚೀನಾಕ್ಕೆ ಹೋಗುವವನು ‘ಝಡ್’ ವರ್ಗದ ವೀಸಾ ಪಡೆಯಬೇಕು. ಅಲ್ಲಿ ಇಳಿದ ಮೂವತ್ತು ದಿನಗಳೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು. ಆತನ ಕೆಲಸದ ಪರವಾನಗಿ, ಅದರ ಮೇಲೆ ನಿಂತ ನಿವಾಸ ಪರವಾನಗಿ ಎರಡೂ ನಿರ್ದಿಷ್ಟ ಮಾಲೀಕನ ಹೆಸರಿಗೆ ಕಟ್ಟಿಕೊಂಡಿರುತ್ತವೆ. ಕೆಲಸ ಬದಲಿಸಲು ಹಳೆಯ ಮಾಲೀಕನಿಂದ ಬಿಡುಗಡೆ ಪತ್ರ ಬೇಕು. ಮಾಲೀಕನೇ ಕಣ್ಮರೆಯಾದರೆ ಬಾಕಿ ವೇತನವೂ ಇಲ್ಲ, ಪತ್ರವೂ ಇಲ್ಲ.

ಪ್ರವಾಸಿ ಅಥವಾ ವ್ಯಾಪಾರ ವೀಸಾದಲ್ಲಿ ಹೋಗಿ ಪಾಠ ಹೇಳುವುದು ಅಪರಾಧ. 2013ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನಂತೆ ಅಂತಹ ನೌಕರನಿಗೆ 5,000ದಿಂದ 20,000 ಯುವಾನ್ ದಂಡ, ಗಂಭೀರ ಪ್ರಕರಣಗಳಲ್ಲಿ 5ರಿಂದ 15 ದಿನಗಳ ಬಂಧನವೂ ಉಂಟು. ‘ಮೊದಲು ಬನ್ನಿ, ಕಾಗದಪತ್ರ ಆಮೇಲೆ ಮಾಡಿಸೋಣ’ ಎಂಬ ದಲ್ಲಾಳಿಯ ಮಾತು ನಂಬಿ ಹೋದವರಿಗೆ ಈ ಕಲಮಿನ ಅನುಭವವಾಗಿದೆ.

2017ರ ಏಪ್ರಿಲ್‌ನಿಂದ ದೇಶಾದ್ಯಂತ ಏಕರೂಪದ ಕೆಲಸದ ಪರವಾನಗಿ ಪದ್ಧತಿ ಜಾರಿಯಾಯಿತು. ಭಾಷಾ ಶಿಕ್ಷಕನು ತಾತ್ತ್ವಿಕವಾಗಿ ತನ್ನ ಮಾತೃಭಾಷೆಯನ್ನೇ ಬೋಧಿಸಬೇಕು, ಪದವೀಧರನಾಗಿರಬೇಕು, ಎರಡು ವರ್ಷಗಳ ಅನುಭವ ಇಲ್ಲವೇ ಮಾನ್ಯತೆ ಪಡೆದ ಬೋಧನಾ ಪ್ರಮಾಣಪತ್ರ ಹೊಂದಿರಬೇಕು ಎಂಬುದು ನಿಯಮ. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೈಸೂರು, ಧಾರವಾಡದ ಉಪನ್ಯಾಸಕನಿಗೆ ಮೊದಲ ಅಡ್ಡಿ ಎದುರಾಗುವುದು ಇಲ್ಲಿಯೇ. ಭಾರತದ ಪ್ರಜೆಯನ್ನು ಇಂಗ್ಲಿಷಿನ ಮಾತೃಭಾಷಿಕನೆಂದು ಅಲ್ಲಿನ ಕಚೇರಿಗಳು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಆದರೆ ಈ ಷರತ್ತು ಭಾಷಾ ಶಿಕ್ಷಕರಿಗೆ ಸಂಬಂಧಿಸಿದ್ದು. ಅಂತರರಾಷ್ಟ್ರೀಯ ಶಾಲೆಗಳಲ್ಲಿ ಗಣಿತ, ವಿಜ್ಞಾನ ಬೋಧಿಸಬಲ್ಲವರು ಆ ದಾರಿಯನ್ನು ಪರಿಶೀಲಿಸಬಹುದು.

2021ರ ಆಜ್ಞೆ

2020ರ ಮಾರ್ಚ್ 28ರಂದು ಕೋವಿಡ್ ಕಾರಣದಿಂದ ಚೀನಾ ವಿದೇಶೀಯರಿಗೆ ಗಡಿ ಮುಚ್ಚಿತು. ರಜೆಗೆಂದು ಊರಿಗೆ ಹೋಗಿದ್ದ ಶಿಕ್ಷಕರು ಹೊರಗೇ ಉಳಿದರು. ಡಿಸ್ನಿ ಸಂಸ್ಥೆ ಆ ವರ್ಷವೇ ತನ್ನ ಶಾಲೆಗಳನ್ನು ಮುಚ್ಚಿತು. 2021ರ ಜುಲೈ 24ರಂದು ‘ಇಮ್ಮಡಿ ಹೊರೆ ಇಳಿಕೆ’ ಎಂಬ ನೀತಿ ಪ್ರಕಟವಾಯಿತು. ಮಕ್ಕಳ ಮೇಲಿನ ಮನೆಗೆಲಸ ಮತ್ತು ಮನೆಪಾಠ ಎರಡರ ಹೊರೆಯನ್ನೂ, ಪೋಷಕರ ಖರ್ಚನ್ನೂ ಇಳಿಸುವುದು ಅದರ ಘೋಷಿತ ಉದ್ದೇಶ. ಕಡ್ಡಾಯ ಶಿಕ್ಷಣದ ಒಂಬತ್ತು ತರಗತಿಗಳ ಮಕ್ಕಳಿಗೆ ಪಠ್ಯವಿಷಯ ಬೋಧಿಸುವ ಕೇಂದ್ರಗಳು ಲಾಭರಹಿತ ಸಂಸ್ಥೆಗಳಾಗಬೇಕು, ಷೇರು ಪೇಟೆಯಿಂದ ಬಂಡವಾಳ ಎತ್ತಬಾರದು, ವಾರಾಂತ್ಯ ಮತ್ತು ರಜೆಗಳಲ್ಲಿ ಪಾಠ ನಡೆಸಬಾರದು, ಹೊರದೇಶದಲ್ಲಿರುವ ವಿದೇಶೀಯರನ್ನು ನೇಮಿಸಿಕೊಳ್ಳಬಾರದು. ಇಂಗ್ಲಿಷ್ ಸಹ ಪಠ್ಯವಿಷಯಗಳ ಪಟ್ಟಿಯಲ್ಲಿತ್ತು.

ಕೊನೆಯ ಷರತ್ತು ವಿಐಪಿಕಿಡ್ ಮಾದರಿಯ ಬುಡಕ್ಕೇ ಬಿದ್ದ ಕೊಡಲಿ. ಆಗಸ್ಟ್‌ನಲ್ಲಿ ಆ ಸಂಸ್ಥೆ ಹೊರದೇಶದ ಶಿಕ್ಷಕರ ಪಾಠಗಳ ಹೊಸ ಮಾರಾಟ ನಿಲ್ಲಿಸಿತು. ವಾಲ್ ಸ್ಟ್ರೀಟ್ ಇಂಗ್ಲಿಷ್‌ನ ಚೀನಾ ಶಾಖೆಗಳು ಕುಸಿದದ್ದೂ ಅದೇ ತಿಂಗಳು. ಗಮನಿಸಬೇಕಾದ ಅಂಶವೆಂದರೆ, ವಯಸ್ಕರಿಗೆ ಪಾಠ ಹೇಳುವ ಈ ಶಾಲೆಗಳಿಗೆ ಹೊಸ ಆಜ್ಞೆ ಅನ್ವಯಿಸುತ್ತಿರಲಿಲ್ಲ. ಅಲ್ಲಿಯೂ ವಿದ್ಯಾರ್ಥಿಗಳು ದೀರ್ಘಾವಧಿಯ ಶುಲ್ಕವನ್ನು ಮುಂಗಡವಾಗಿ, ಹಲವರು ಸಾಲ ಮಾಡಿ, ಕಟ್ಟಿದ್ದರು.

ಬಾಕಿ ತೀರಿಸಿದ ಸಂಸ್ಥೆ

ಈಗ ಮತ್ತೊಂದು ಮುಖವನ್ನು ನೋಡೋಣ. ನ್ಯೂ ಓರಿಯಂಟಲ್ ಸಂಸ್ಥೆಯನ್ನು 1993ರಲ್ಲಿ ಬೀಜಿಂಗ್‌ನಲ್ಲಿ ಸ್ಥಾಪಿಸಿದವರು ಯೂ ಮಿನ್‌ಹೊಂಗ್. ಎರಡು ಬಾರಿ ಪ್ರವೇಶ ಪರೀಕ್ಷೆಯಲ್ಲಿ ಸೋತು ಮೂರನೆಯ ಬಾರಿ ಪೀಕಿಂಗ್ ವಿಶ್ವವಿದ್ಯಾಲಯ ಸೇರಿದ ಗ್ರಾಮೀಣ ಯುವಕ, ಅಲ್ಲಿಯೇ ಇಂಗ್ಲಿಷ್ ಅಧ್ಯಾಪಕರಾಗಿ ನಂತರ ಕೆಲಸ ಬಿಟ್ಟವರು. ಅವರ ಶಾಲೆಗಳ ಬಲ ಮುಖ್ಯವಾಗಿ ಚೀನೀ ಶಿಕ್ಷಕರು. 2006ರಲ್ಲಿ ಸಂಸ್ಥೆ ನ್ಯೂಯಾರ್ಕ್ ಷೇರು ಪೇಟೆ ಸೇರಿತು.

2003ರಲ್ಲಿ ಸಾರ್ಸ್ ರೋಗ ಹಬ್ಬಿದಾಗ ತರಗತಿಗಳು ನಿಂತು, ವಿದ್ಯಾರ್ಥಿಗಳು ಶುಲ್ಕ ಹಿಂದಿರುಗಿಸಲು ಕೇಳಿದರು. ಯೂ ಅವರು ಸ್ನೇಹಿತರಲ್ಲಿ ಸಾಲ ಮಾಡಿ ಕೊಟ್ಟರು. ಅಂದು ಕಲಿತ ಪಾಠವನ್ನು ಅವರು ನಿಯಮವಾಗಿಸಿಕೊಂಡರು: ನಾಳೆಯೇ ಸಂಸ್ಥೆ ಮುಚ್ಚಿದರೂ ಪ್ರತಿ ವಿದ್ಯಾರ್ಥಿಯ ಶುಲ್ಕ ಹಿಂದಿರುಗಿಸಿ, ಪ್ರತಿ ನೌಕರನ ವೇತನ ಕೊಡುವಷ್ಟು ಹಣ ಖಾತೆಯಲ್ಲಿರಬೇಕು. ಇದನ್ನು ಅತಿಯಾದ ಎಚ್ಚರಿಕೆಯೆಂದು ಕಂಡವರೂ ಇದ್ದರು.

2021ರ ಆಜ್ಞೆ ಈ ಸಂಸ್ಥೆಯನ್ನೂ ಬಿಡಲಿಲ್ಲ. ಷೇರು ಮೌಲ್ಯ ಸುಮಾರು ಶೇ. 90ರಷ್ಟು ಕುಸಿಯಿತೆಂದೂ, 60,000 ನೌಕರರನ್ನು ಕೈಬಿಡಬೇಕಾಯಿತೆಂದೂ 2022ರ ಜನವರಿಯಲ್ಲಿ ಸ್ವತಃ ಯೂ ಅವರೇ ತಿಳಿಸಿದರು. ಆದರೆ ಶುಲ್ಕ ಹಿಂದಿರುಗಿತು. ಕೆಲಸ ಕಳೆದುಕೊಂಡವರಿಗೆ ಪರಿಹಾರ ದೊರೆಯಿತು. ಮುಚ್ಚಿದ ಶಾಖೆಗಳ ಸುಮಾರು 80,000 ಜೊತೆ ಮೇಜು ಕುರ್ಚಿಗಳು ಗ್ರಾಮೀಣ ಶಾಲೆಗಳಿಗೆ ದಾನವಾದವು. ಸಂಸ್ಥೆ ನಂತರ ಅಂತರಜಾಲದ ನೇರ ಪ್ರಸಾರದಲ್ಲಿ ಕೃಷಿ ಉತ್ಪನ್ನ ಮಾರಲು ಆರಂಭಿಸಿತು. 2022ರ ಜೂನ್‌ನಲ್ಲಿ ಡಾಂಗ್ ಯೂಹುಯಿ ಎಂಬ ಅದರ ಇಂಗ್ಲಿಷ್ ಶಿಕ್ಷಕ ಎರಡು ಭಾಷೆಗಳಲ್ಲಿ ಪಾಠ ಹೇಳುತ್ತಲೇ ಅಕ್ಕಿ, ಜೋಳ ಮಾರಿ ದೇಶಾದ್ಯಂತ ಹೆಸರಾದರು. ಕೈಯಲ್ಲಿ ಸ್ವಂತ ಹಣವಿದ್ದುದರಿಂದಲೇ ಹೊಸ ದಾರಿ ಹುಡುಕಲು ಸಮಯ ದೊರೆಯಿತೆಂಬುದನ್ನು ಮರೆಯಲಾಗದು.

ನಮಗಿರುವ ಪಾಠ

ಚೀನಾದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಬೇಡಿಕೆ ಅಳಿದಿಲ್ಲ. ಶಾಲೆಗಳು, ವಿಶ್ವವಿದ್ಯಾಲಯಗಳು, ವಯಸ್ಕರ ತರಗತಿಗಳು ಉಳಿದಿವೆ. ಆದರೆ ಮಕ್ಕಳ ಸಂಖ್ಯೆಯೇ ತಗ್ಗುತ್ತಿದೆ: 2016ರಲ್ಲಿ 1.78 ಕೋಟಿಗೂ ಹೆಚ್ಚಿದ್ದ ವಾರ್ಷಿಕ ಜನನ 2023ರಲ್ಲಿ ಸುಮಾರು 90 ಲಕ್ಷಕ್ಕೆ ಇಳಿಯಿತು. ಹೋಗಬಯಸುವವರು ಕರಾರಿನಲ್ಲಿ ಮಾಲೀಕನ ಹೆಸರು ಮತ್ತು ಪರವಾನಗಿಯಲ್ಲಿನ ಹೆಸರು ಒಂದೇ ಆಗಿದೆಯೇ, ಮಧ್ಯದಲ್ಲಿ ಬಿಟ್ಟರೆ ದಂಡವೆಷ್ಟು, ಬಿಡುಗಡೆ ಪತ್ರದ ಷರತ್ತೇನು ಎಂಬುದನ್ನು ಮೊದಲೇ ನೋಡಬೇಕು. ವಿದ್ಯಾರ್ಥಿಗಳಿಂದ ಎಷ್ಟು ತಿಂಗಳ ಶುಲ್ಕ ಮುಂಗಡ ಪಡೆಯುತ್ತಾರೆಂದು ವಿಚಾರಿಸಿದರೆ ಶಾಲೆಯ ಆರೋಗ್ಯ ತಿಳಿಯುತ್ತದೆ.

ನಮ್ಮ ನಾಡಿನಲ್ಲಿಯೂ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಸಂಭಾಷಣಾ ತರಗತಿಯಿಂದ ಬೆಂಗಳೂರಿನ ದೊಡ್ಡ ಕೋಚಿಂಗ್ ಕೇಂದ್ರದವರೆಗೆ ಮುಂಗಡ ಶುಲ್ಕವೇ ರೂಢಿ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂದೂ, ನಡುವೆ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂದೂ ಹೇಳಿದೆ. ಗಾಳಿ ಬೀಸುವ ದಿಕ್ಕು ಇದರಿಂದ ತಿಳಿಯುತ್ತದೆ. ಕಾನೂನು ಬರುವವರೆಗೆ ಕಾಯದೆ, ನಡೆಸದ ಪಾಠದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಪಾಠ ನಡೆದಂತೆಲ್ಲ ಬಳಸಿಕೊಳ್ಳುವ ಪದ್ಧತಿಯನ್ನು ನಮ್ಮ ಶಿಕ್ಷಣ ಉದ್ಯಮಿಗಳು ತಾವಾಗಿಯೇ ರೂಢಿಸಿಕೊಳ್ಳಬೇಕು. ವಿದ್ಯಾರ್ಥಿ ಮುಂಗಡವಾಗಿ ಕೊಟ್ಟದ್ದು ನಮ್ಮಲ್ಲಿ ಇರಿಸಿದ ಠೇವಣಿ. ಅದನ್ನು ಹಾಗೆಂದು ಕಾಪಾಡಿದ ಸಂಸ್ಥೆ, ಕೆಟ್ಟ ಕಾಲ ಬಂದಾಗ ವಿದ್ಯಾರ್ಥಿಗೂ ಶಿಕ್ಷಕನಿಗೂ ಮುಖ ಕೊಟ್ಟು ಮಾತನಾಡಬಲ್ಲದು.