ಒಂದೇ ಯಂತ್ರ, ಮನೆತುಂಬ ಚಿತ್ರ

ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯನ್ನು ಸಂಜೆಯ ಹೊತ್ತಿನಲ್ಲಿ ದಾಟಿದವರಿಗೆ ಸಾಹಸವೆಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಆ ಸಾಹಸವನ್ನು ಪೂರೈಸಿ, ಕಳೆದ ದಸರೆಯ ರಜೆಯಲ್ಲಿ ನಾನು ಅಕ್ಕನ ಮನೆಯನ್ನು ಸೇರಿದಾಗ ಗಂಟೆ ಏಳಾಗಿತ್ತು. ಆ ಮನೆಯಲ್ಲಿ ಮೂರು ಕೋಣೆಗಳಲ್ಲಿ ಮೂರು ಟೆಲಿವಿಷನ್‌ಗಳಿವೆ. ನಡುಮನೆಯಲ್ಲಿ ಭಾವನವರು ವಾರ್ತೆ ನೋಡುತ್ತಿದ್ದರು. ಒಳಕೋಣೆಯಲ್ಲಿ ಅಕ್ಕನ ಮಗಳು ಹಳೆಯ ಕನ್ನಡ ಚಲನಚಿತ್ರವೊಂದರಲ್ಲಿ ಮಗ್ನಳಾಗಿದ್ದಳು. ಮೂಲೆಯ ಕೋಣೆಯಲ್ಲಿ ಭಾವನವರ ತಾಯಿ, ಎಂಬತ್ತೆರಡು ವರ್ಷದ ಹಿರಿಯರು, ಅಂದು ಬೆಳಗ್ಗೆ ಪ್ರಸಾರವಾಗಿದ್ದ ಸಂಗೀತ ಕಚೇರಿಯನ್ನು ಸಾವಕಾಶವಾಗಿ ಆಲಿಸುತ್ತಿದ್ದರು.

ಬೆಳಗಿನ ಕಚೇರಿ ಸಂಜೆಗೆ ಬಂದುದಾದರೂ ಹೇಗೆ? "ಪಂಕ್ತಿ ಮೂರಾದರೂ ಅಡುಗೆಮನೆ ಒಂದೇ!" ಎಂದು ನಗುತ್ತ ಭಾವನವರು ಮೆಟ್ಟಿಲ ಕೆಳಗಿನ ಬೀರುವಿನ ಬಾಗಿಲು ತೆರೆದರು. ಅಲ್ಲಿ, ಊಟದ ಡಬ್ಬಿಗಿಂತ ದೊಡ್ಡದಲ್ಲದ ಗಣಕಯಂತ್ರವೊಂದು ಸದ್ದಿಲ್ಲದೆ ಕುಳಿತಿತ್ತು.

ಪೆಟ್ಟಿಗೆ ನಡೆದು ಬಂದ ದಾರಿ

೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊಳಗಿದ್ದು ಅಲ್ಲಿಂದಲೇ. ಭಾರತದಲ್ಲಿ ಟೆಲಿವಿಷನ್ ಪ್ರಯೋಗಾರ್ಥವಾಗಿ ದೆಹಲಿಯಲ್ಲಿ ಮೊದಲಾದದ್ದು ೧೯೫೯ರ ಸೆಪ್ಟೆಂಬರ್ ೧೫ರಂದು. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದಾಗ ನಮ್ಮ ನಾಡಿನ ಹಳ್ಳಿಗರೂ ಅವನ್ನು ಕಂಡರು. ರಾಜಧಾನಿಯ ಸರದಿ ಬಂದದ್ದು ಆಮೇಲೆ: ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು ೧೯೮೧ರ ನವೆಂಬರ್ ೧ರ ರಾಜ್ಯೋತ್ಸವದಂದು.

ಆ ಕಾಲದಲ್ಲಿ ಒಂದು ಬೀದಿಗೆ ಒಂದು ಪೆಟ್ಟಿಗೆಯಿದ್ದರೆ ಹೆಚ್ಚು. ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ. ವಿಮಾನ ಕಾರ್ಖಾನೆಯ ಮಗ್ಗುಲಲ್ಲಿರುವ ಮಾರತ್ತಹಳ್ಳಿಯಲ್ಲಂತೂ ತಲೆಯ ಮೇಲೆ ವಿಮಾನ ಹಾರಿದಾಗಲೆಲ್ಲ ಅದರ ಲೋಹದ ಮೈಗೆ ತಾಗಿ ಮರಳಿದ ತರಂಗಗಳಿಂದ ಚಿತ್ರ ನಡುಗುತ್ತಿತ್ತಂತೆ. ಇಂದಿನ ಅಂಕೀಯ ಪ್ರಸಾರದಲ್ಲಿ ಆ ಕಾಟವಿಲ್ಲ. ಆದರೆ ಬೇರೊಂದು ಸಮಸ್ಯೆ ಹುಟ್ಟಿದೆ. ಕೋಣೆಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಸೆಟ್‌ಟಾಪ್ ಬಾಕ್ಸ್, ಅದಕ್ಕೊಂದು ರಿಮೋಟ್, ತಿಂಗಳಿಗೊಂದು ಶುಲ್ಕ. ಒಂದು ಕೋಣೆಯಲ್ಲಿ ಮುದ್ರಿಸಿಟ್ಟದ್ದು ಇನ್ನೊಂದರಲ್ಲಿ ಸಿಗದು.

ಯಂತ್ರದ ಒಳಗುಟ್ಟು

ಭಾವನವರ ಏರ್ಪಾಡು ಕೇಳಲು ಗಹನವೆನಿಸಿದರೂ ತತ್ತ್ವ ಸುಲಭವಾದದ್ದು. ಮಾಳಿಗೆಯ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ಡಿಶ್ ಒಂದಿದೆ. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಜಿಸ್ಯಾಟ್-೧೫ ಉಪಗ್ರಹದಿಂದ ದೂರದರ್ಶನದ ಫ್ರೀ ಡಿಶ್ ವಾಹಿನಿಗಳು ಅದಕ್ಕೆ ಬಂದಿಳಿಯುತ್ತವೆ. ೨೦೦೪ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ನಮ್ಮ ಚಂದನವೂ ಇದರಲ್ಲುಂಟು. ಡಿಶ್ಶಿನ ತಂತಿ ಗಣಕಯಂತ್ರಕ್ಕೆ ಜೋಡಿಸಿದ ಟ್ಯೂನರ್‌ಗೆ ಸೇರುತ್ತದೆ. ಟಿವಿಹೆಡೆಂಡ್ ಎಂಬ ತಂತ್ರಾಂಶವು ವಾಹಿನಿಗಳನ್ನು ವಿಂಗಡಿಸಿ, ಹೇಳಿದ ಹೊತ್ತಿಗೆ ಹೇಳಿದ ಕಾರ್ಯಕ್ರಮವನ್ನು ಡಿಸ್ಕಿನಲ್ಲಿ ಮುದ್ರಿಸಿಕೊಳ್ಳುತ್ತದೆ. ಕೋಣೆಯ ಟೆಲಿವಿಷನ್‌ಗಳಲ್ಲಿ ಕೋಡಿ ಎಂಬ ಇನ್ನೊಂದು ತಂತ್ರಾಂಶ ಅದನ್ನು ಬಡಿಸುತ್ತದೆ. ಎರಡೂ ಉಚಿತವಾಗಿ ದೊರೆಯುವಂಥವು.

ಇಲ್ಲೊಂದು ಸೂಕ್ಷ್ಮವಿದೆ. ಉಪಗ್ರಹದ ವಾಹಿನಿಗಳು ಕಟ್ಟುಕಟ್ಟಾಗಿ ಬರುತ್ತವೆ. ಒಂದೇ ಕಟ್ಟಿನ ಹಲವು ವಾಹಿನಿಗಳನ್ನು ಒಂದೇ ಟ್ಯೂನರ್ ಏಕಕಾಲದಲ್ಲಿ ಒದಗಿಸಬಲ್ಲದು. ಬೇರೆ ಕಟ್ಟಿನ ವಾಹಿನಿ ಬೇಕಾದರೆ ಮತ್ತೊಂದು ಟ್ಯೂನರ್ ಇರಲೇಬೇಕು. ಮೊದಲು ಇದನ್ನರಿಯದೆ ಒಂದನ್ನೇ ಕೊಂಡಿದ್ದ ಭಾವನವರು, ಮನೆಯಲ್ಲಿ ಎರಡು ದಿನ ನಡೆದ ವಾಗ್ವಾದದ ತರುವಾಯ ಎಸ್. ಪಿ. ರಸ್ತೆಗೆ ಹೋಗಿ ಎರಡನೆಯದನ್ನು ತಂದರಂತೆ.

ಗಣಕಯಂತ್ರ ಒಮ್ಮೊಮ್ಮೆ ದುಭಾಷಿಯ ಕೆಲಸವನ್ನೂ ಮಾಡಬೇಕಾಗುತ್ತದೆ. ಹೊಸ ಬಗೆಯಲ್ಲಿ ಸಂಕುಚಿಸಿದ ಚಿತ್ರಗಳು ಹಳೆಯ ಟೆಲಿವಿಷನ್‌ಗೆ ಅರ್ಥವಾಗುವುದಿಲ್ಲ. ಆಗ ಯಂತ್ರವು ನಿಂತ ನಿಲುವಿನಲ್ಲೇ ಅದನ್ನು ಹಳೆಯ ಬಗೆಗೆ ಪರಿವರ್ತಿಸಿ ಕಳುಹಿಸುತ್ತದೆ. ಇದಕ್ಕೆ ತಕ್ಕ ಶಕ್ತಿ ಯಂತ್ರಕ್ಕಿರದಿದ್ದರೆ ಚಿತ್ರ ಕುಂಟುತ್ತದೆ.

ತಂತಿಯೋ, ಗಾಳಿಯೋ?

ಗೃಹಸ್ಥರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ವೈಫೈ ಇರುವಾಗ ತಂತಿಯೇಕೆಂದು ಅನೇಕರು ಕೇಳುತ್ತಾರೆ. ಕಾಂಕ್ರೀಟಿನ ಗೋಡೆಗಳನ್ನು ಒಂದೊಂದಾಗಿ ದಾಟುವಾಗ ವೈಫೈ ಅಲೆ ಸೊರಗುತ್ತದೆ. ಅಕ್ಕಪಕ್ಕದ ಮನೆಗಳ ಅಲೆಗಳೊಡನೆ ಸೆಣಸಬೇಕಾಗುತ್ತದೆ. ಸ್ಪಷ್ಟವಾದ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ೮ ಮೆಗಾಬಿಟ್ ಎಂದು ಹಿಡಿದರೂ ಮೂರು ಕೋಣೆಗಳಿಗೆ ಬೇಕಾದದ್ದು ೨೪. ಸಾಧಾರಣ ಈಥರ್‌ನೆಟ್ ತಂತಿ ಒಯ್ಯಬಲ್ಲದ್ದು ೧,೦೦೦. ಮನೆ ಕಟ್ಟಿಸುವವರು ವಿದ್ಯುತ್ ಕೊಳವೆಯಿಂದ ಬೇರೆಯಾಗಿ ಇನ್ನೊಂದು ಕೊಳವೆಯನ್ನು ಪ್ರತಿ ಕೋಣೆಗೂ ಹಾಕಿಸಿಡುವುದು ಜಾಣತನ. ಮುಂದೆ ಗೋಡೆ ಕೆತ್ತಿಸುವ ಧೂಳೂ ದುಡ್ಡೂ ಉಳಿಯುತ್ತವೆ.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಅಟ್ಟದ ಮೇಲಿನ ಹಳೆಯ ಗಣಕವನ್ನೇ ಇಳಿಸಿ ಹೂಡಬಹುದಲ್ಲವೆ ಎಂಬ ಆಸೆ ಸಹಜ. ಆದರೆ ಅದು ಸದಾಕಾಲವೂ ೭೦ ವಾಟ್ ಸೇವಿಸಿದರೆ ತಿಂಗಳಿಗೆ ಸುಮಾರು ೫೦ ಯೂನಿಟ್ ಆಗುತ್ತದೆ. ೧೦ ವಾಟ್‌ನಲ್ಲಿ ನಡೆಯುವ ಚಿಕ್ಕ ಯಂತ್ರಕ್ಕೆ ಏಳು ಯೂನಿಟ್ ಸಾಕು. ಇನ್ನು ಸ್ಥಳ: ಸಾಧಾರಣ ಗುಣಮಟ್ಟದ ಒಂದು ಗಂಟೆಯ ಕಾರ್ಯಕ್ರಮಕ್ಕೆ ೧.೮ ಗಿಗಾಬೈಟ್ ಎಂದರೆ, ೨ ಟೆರಾಬೈಟಿನ ಡಿಸ್ಕಿನಲ್ಲಿ ೧,೧೦೦ ಗಂಟೆಗಳಷ್ಟು ಹಿಡಿಸುತ್ತದೆ. ಇಷ್ಟನ್ನು ನೋಡಿ ಮುಗಿಸಲು ಬಿಡುವು ಯಾರಿಗಿದೆ ಎಂಬುದು ಅಕ್ಕನ ಪ್ರಶ್ನೆ.

ಬೀಗ ಹಾಕಿದ ಬಾಗಿಲುಗಳು

ಈ ಯಂತ್ರಕ್ಕೆ ಎಟುಕದ್ದೂ ಉಂಟೆಂಬುದನ್ನು ಮರೆಯಬಾರದು. ಹಣ ತೆತ್ತು ನೋಡುವ ವಾಹಿನಿಗಳು ಗೂಢಲಿಪಿಯಲ್ಲಿ ಬರುತ್ತವೆ; ಅದರ ಬೀಗದ ಕೈ ಆಯಾ ಸಂಸ್ಥೆಯ ಸೆಟ್‌ಟಾಪ್ ಬಾಕ್ಸಿನಲ್ಲಿದೆಯೇ ಹೊರತು ನಮ್ಮ ಗಣಕದಲ್ಲಿಲ್ಲ. ಅಂತರ್ಜಾಲದ ಚಲನಚಿತ್ರ ಸೇವೆಗಳಿಗೂ ತಮ್ಮದೇ ಬೀಗವುಂಟು. ಅವನ್ನು ಟೆಲಿವಿಷನ್‌ನಲ್ಲಿಯೇ ನೇರವಾಗಿ ನೋಡುವುದು ಲೇಸು. ಬೀಗ ಮುರಿಯುತ್ತೇವೆನ್ನುವವರ ಸಹವಾಸ ಗೃಹಸ್ಥರಿಗೆ ಸಲ್ಲದು.

ದೊಡ್ಡ ಕಂಪೆನಿಯ ಆಶ್ರಯವೂ ಶಾಶ್ವತವಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ೨೦೦೨ರಲ್ಲಿ ಹೊರತಂದ ಮೀಡಿಯಾ ಸೆಂಟರ್ ಎಂಬ ತಂತ್ರಾಂಶವನ್ನು ನೆಚ್ಚಿ ಅನೇಕ ದೇಶಗಳಲ್ಲಿ ಜನರು ಇಂಥ ಏರ್ಪಾಡುಗಳನ್ನು ಮಾಡಿಕೊಂಡರು. ೨೦೧೫ರಲ್ಲಿ ವಿಂಡೋಸ್ ೧೦ ಬಂದಾಗ ಅದು ಅದರೊಳಗಿರಲೇ ಇಲ್ಲ.

ಹಾಗಾದರೆ ಇಷ್ಟೆಲ್ಲ ಏಕೆ? ನಾನೂ ಕೇಳಿದೆ. ಉತ್ತರ ಕೊಟ್ಟವಳು ಅಕ್ಕ.

ಒಂದು ಕ್ಯಾಸೆಟ್ಟಿನ ಕಥೆ

ಅಕ್ಕನ ಮದುವೆ ನಡೆದದ್ದು ೧೯೯೧ರಲ್ಲಿ. ಅಂದಿನ ವೀಡಿಯೋ ಕ್ಯಾಸೆಟ್ಟಿನಲ್ಲಿ ಅವಳ ಮಾವನವರ ಚಿತ್ರವಿದೆ. ವಿಮಾನ ಕಾರ್ಖಾನೆಯಲ್ಲಿ ದುಡಿದು ಈ ಮನೆಯನ್ನು ಕಟ್ಟಿಸಿದ ಅವರು ೨೦೦೩ರಲ್ಲಿ ತೀರಿಕೊಂಡರು. ಅವರ ದನಿ ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಮಳೆಗಾಲದ ತೇವಕ್ಕೆ ಸುರುಳಿಯ ಮೇಲೆ ಬೂಷ್ಟು ಹಿಡಿದಿತ್ತು. ಅದನ್ನು ನಡೆಸುವ ಯಂತ್ರಗಳೂ ಅಪರೂಪವಾಗಿವೆ. ಲೋಕದಲ್ಲಿ ಕೊನೆಯವರೆಗೂ ಅವನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ ೨೦೧೬ರಲ್ಲಿ ನಿಲ್ಲಿಸಿಬಿಟ್ಟಿತು. ಭಾವನವರು ಹಳೆಯ ಯಂತ್ರವೊಂದನ್ನು ಹುಡುಕಿ ತಂದು, ಸುರುಳಿಯನ್ನು ಶುದ್ಧಿಮಾಡಿಸಿ, ಗಣಕಕ್ಕೆ ಇಳಿಸಿದರು. ಈ ಕೆಲಸದಲ್ಲಿ ಅವಸರ ಸಲ್ಲದು: ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು.

ಕಳೆದ ಮುಂಗಾರಿನ ಒಂದು ರಾತ್ರಿ ವಿದ್ಯುತ್ತು ಹೋಗಿ ಬಂದು, ಮತ್ತೆ ಹೋಗಿ ಬಂದು, ಕಡೆಗೆ ಡಿಸ್ಕು ಕೆಟ್ಟಿತು. ಯುಪಿಎಸ್ ಜೋಡಿಸುವುದನ್ನು ಭಾವನವರು ನಾಳೆ ನಾಳೆಯೆಂದು ಮುಂದೂಡಿದ್ದರು. ಮೂರು ಪರದೆಗಳೂ ಒಟ್ಟಿಗೇ ಬರಿದಾದವು. ಅಡುಗೆಮನೆ ಒಂದೇ ಆದರೆ ಒಲೆ ಆರಿದ ದಿನ ಎಲ್ಲರಿಗೂ ಉಪವಾಸವಷ್ಟೆ! ಧಾರಾವಾಹಿಗಳು ಹೋದವು, ಚಿತ್ರಗಳು ಹೋದವು, ಯಾರೂ ಅಳಲಿಲ್ಲ. ಮೂಲೆಯ ಕೋಣೆಯಿಂದ ಹಿರಿಯರು ಮಾತ್ರ ಮೆಲ್ಲನೆ ಕೇಳಿದರಂತೆ: "ಅವರ ಮಾತೂ ಹೋಯಿತೇನೋ ಮಗು?"

ಭಾವನವರ ಬಳಿ ಉತ್ತರವಿರಲಿಲ್ಲ. ಕ್ಯಾಸೆಟ್ಟಿನ ಸುರುಳಿ ಆ ಒಂದು ಸಲದ ಓಟಕ್ಕೇ ಸುಕ್ಕುಗಟ್ಟಿತ್ತು. ಮೂರನೆಯ ದಿನ ಅಕ್ಕನ ಮಗಳಿಗೆ ಥಟ್ಟನೆ ನೆನಪಾಯಿತು: ಶಿವಮೊಗ್ಗದ ಚಿಕ್ಕಪ್ಪ ಕೇಳಿದರೆಂದು ಹಿಂದಿನ ವರ್ಷ ಅವಳೇ ಒಂದು ಪ್ರತಿಯನ್ನು ಕಳುಹಿಸಿದ್ದಳು. ಅದು ಅಲ್ಲಿ ಭದ್ರವಾಗಿತ್ತು.

ಅಂದಿನಿಂದ ಆ ಮನೆಗೊಂದು ನಿಯಮ. ಬೆಲೆಯುಳ್ಳದ್ದಕ್ಕೆ ಮೂರು ಪ್ರತಿ. ಅವು ಎರಡು ಬಗೆಯ ಸಾಧನಗಳಲ್ಲಿ. ಅವುಗಳಲ್ಲೊಂದು ಬೇರೆ ಊರಿನಲ್ಲಿ. ಯಂತ್ರಕ್ಕೆ ಯುಪಿಎಸ್, ಡಿಶ್ಶಿನ ತಂತಿಗೆ ಸಿಡಿಲಿನಿಂದ ರಕ್ಷಣೆ. ಹಿರಿಯರ ಕೋಣೆಗೆ ಮಾತ್ರ ಗಣಕದ ಹಂಗಿಲ್ಲದ ಸಾಧಾರಣ ಫ್ರೀ ಡಿಶ್ ಬಾಕ್ಸ್ ಒಂದು ಹೆಚ್ಚಿಗೆ. ಒಲೆ ಆರಿದರೂ ಅವರ ವಾರ್ತೆ, ಸಂಗೀತಗಳಿಗೆ ಚ್ಯುತಿಯಿಲ್ಲ. ಅವರ ರಿಮೋಟಿನಲ್ಲಿ ಬೇಕಾದ ಐದು ಗುಂಡಿಗಳನ್ನುಳಿದು ಮಿಕ್ಕವನ್ನೆಲ್ಲ ಮೊಮ್ಮಗಳು ಅಂಟುಪಟ್ಟಿಯಿಂದ ಮುಚ್ಚಿದ್ದಾಳೆ. ಇಂಥ ಏರ್ಪಾಡನ್ನು ಯೋಚಿಸುತ್ತಿರುವ ಓದುಗರು ಟ್ಯೂನರ್ ಕೊಳ್ಳುವ ಮೊದಲೇ ಈ ನಿಯಮವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಂದು ರಾತ್ರಿ ನಾನೂ ಆ ಮೂಲೆಯ ಕೋಣೆಯಲ್ಲಿ ಕುಳಿತು ನೋಡಿದೆ. ಬಣ್ಣ ಮಾಸಿದ ಚಿತ್ರ. ಮದುವೆ ಮನೆಯ ಊಟದ ಸಾಲಿನ ಬಳಿ ಪಂಚೆಯುಟ್ಟ ಎತ್ತರದ ಆಳೊಬ್ಬರು ಕೈಮುಗಿದು, "ಊಟ ಮಾಡದೆ ಯಾರೂ ಹೋಗಕೂಡದು" ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ಅಷ್ಟೆ, ಎರಡು ನಿಮಿಷ. ಹಿರಿಯರು ಅದನ್ನು ಎರಡು ಸಲ ನೋಡಿದರು. ತರುವಾಯ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿಕೊಂಡು, ನನ್ನತ್ತ ತಿರುಗಿ ಕೇಳಿದರು:

"ನಿನ್ನ ಊಟ ಆಯಿತೇನಪ್ಪಾ?"